ಹೊಲಿದ ಟೈರು, ಅಂಟಿನ ಲೆಕ್ಕ

ನೆಗ್ಗಿಲು ಮುಳ್ಳಿಗೂ ಸೈಕಲ್ಲಿಗೂ ಹಳೆಯ ಹಗೆ. ನಂಜನಗೂಡು, ತಿ. ನರಸೀಪುರದ ಕಡೆಯ ಬೆದ್ದಲು ಹೊಲಗಳ ಬದುವಿನಲ್ಲಿ, ರಸ್ತೆಯಂಚಿನಲ್ಲಿ ನೆಲಕ್ಕೆ ಅಂಟಿಕೊಂಡು ಹಬ್ಬುವ ಈ ಗಿಡದ್ದು ಪುಟ್ಟ ಹಳದಿ ಹೂವು. ನೋಡಲು ಪಾಪದ್ದು. ಆದರೆ ಅದರ ಕಾಯಿ ಒಣಗಿ ಒಡೆದು ಚೂರಾದಾಗ, ಚೂರು ಹೇಗೆ ಬಿದ್ದರೂ ಒಂದು ಮೊನೆ ಆಕಾಶವನ್ನೇ ನೋಡುತ್ತಿರುತ್ತದೆ. ಆಯುರ್ವೇದದವರು ಗೋಕ್ಷುರವೆಂದು ಕರೆದು ಔಷಧಿಗೆ ಬಳಸುವ ಇದಕ್ಕೆ ಅಮೆರಿಕದಲ್ಲಿ ‘ಪಂಕ್ಚರ್ ಬಳ್ಳಿ’ ಎಂದೇ ಹೆಸರು. ಇದರ ಜೊತೆಗೆ ಬೇಲಿಯ ಜಾಲಿ ಮುಳ್ಳು, ಎತ್ತಿನ ಲಾಳದಿಂದ ಕಳಚಿ ಬಿದ್ದ ಮೊಳೆ.

ಪಂಚರ್ ಆದರೆ ಊರಿನವರು ಸೈಕಲ್ ತಳ್ಳಿಕೊಂಡು ಅಂಗಡಿಗೆ ಹೋಗುತ್ತಾರೆ. ಅಲ್ಲಿ ಟೈರಿನ ಒಂದು ಅಂಚನ್ನು ಎಬ್ಬಿಸಿ ಟ್ಯೂಬನ್ನು ಹೊರಗೆಳೆದು, ಗಾಳಿ ಹೊಡೆದು, ಬಾಣಲೆಯ ನೀರಿನಲ್ಲಿ ಮುಳುಗಿಸಿದರೆ ತೂತಿದ್ದ ಕಡೆ ಗುಳ್ಳೆ ಏಳುತ್ತದೆ. ಅಲ್ಲಿ ಉಜ್ಜಿ, ಸಲ್ಯೂಷನ್ ಸವರಿ, ತುಸು ಆರಲು ಬಿಟ್ಟು ಪ್ಯಾಚ್ ಒತ್ತಿದರೆ ಕೆಲಸ ಮುಗಿಯಿತು. ಇಷ್ಟು ಸುಲಭವಾಗಿರುವುದು ಟೈರು ಬೇರೆ, ಟ್ಯೂಬು ಬೇರೆ ಇರುವುದರಿಂದ.

ಓಟದ ಸೈಕಲ್ಲಿನವರು ನೂರು ವರ್ಷಕ್ಕೂ ಮಿಕ್ಕಿ ನೆಚ್ಚಿಕೊಂಡಿದ್ದ ‘ಟ್ಯೂಬುಲರ್’ ಟೈರಿನ ಜಾತಿಯೇ ಬೇರೆ. ಅದರಲ್ಲಿ ಟ್ಯೂಬನ್ನು ಬಟ್ಟೆಯ ಕವಚದೊಳಗಿಟ್ಟು ಹೊಲಿದುಬಿಟ್ಟಿರುತ್ತಾರೆ. ಮೇಲೆ ತೆಳುವಾದ ರಬ್ಬರು, ಕೆಳಗೆ ಹೊಲಿಗೆಯನ್ನು ಮುಚ್ಚುವ ಒಂದು ಪಟ್ಟಿ. ಹಾವಿನಂತೆ ಗುಂಡಗಿರುವ ಈ ಟೈರನ್ನು ರಿಮ್ಮಿಗೆ ಸಿಕ್ಕಿಸುವುದಿಲ್ಲ, ಅಂಟಿಸುತ್ತಾರೆ. ಕವಚ ಹತ್ತಿಯದಿರಬಹುದು. ಅತ್ಯುತ್ತಮ ಟೈರುಗಳದು ರೇಷ್ಮೆ! ತೆಳುವಾಗಿಯೂ ಗಟ್ಟಿಯಾಗಿಯೂ ಇರುವ ನೂಲು ಬೇಕಿದ್ದುದರಿಂದ ಯೂರೋಪಿನ ಟೈರು ತಯಾರಕರು ರೇಷ್ಮೆಗೆ ಮನಸೋತರು. ತಿ. ನರಸೀಪುರದ ಸರ್ಕಾರಿ ಕಾರ್ಖಾನೆಯಲ್ಲಿ ಗೂಡಿನಿಂದ ಬಿಚ್ಚಿದ ನೂಲು ಮೈಸೂರಿನಲ್ಲಿ 1912ರಲ್ಲಿ ಶುರುವಾದ ನೇಯ್ಗೆ ಕಾರ್ಖಾನೆಗೆ ಹೋಗಿ ಸೀರೆಯಾಗುತ್ತದೆ. ಅಂಥದೇ ನೂಲು ಬೇರೆ ದೇಶದಲ್ಲಿ ಟಾರು ರಸ್ತೆಯ ಮೇಲೆ ಉರುಳುತ್ತಿತ್ತೆಂದರೆ ಸೀರೆಯುಟ್ಟವರು ನಂಬುವುದು ಕಷ್ಟ.

ಗಾಳಿ ತುಂಬಿದ ಟೈರಿಗೆ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ. ಅದು ಯಾರ ನೆನಪಿನಲ್ಲೂ ಉಳಿಯಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್ಲಿಗೆಂದು ಮತ್ತೆ ಅದನ್ನೇ ಮಾಡಿದ. ಮರುವರ್ಷ ವಿಲ್ಲಿ ಹ್ಯೂಮ್ ಎಂಬಾತ ಆ ಟೈರು ಹಾಕಿಕೊಂಡು ಪಂದ್ಯಗಳನ್ನು ಗೆದ್ದ ಮೇಲೆ ಗಟ್ಟಿ ರಬ್ಬರಿನ ಕಾಲ ಮುಗಿಯಿತು. ಡನ್‌ಲಪ್ ಟೈರು ರಿಮ್ಮಿಗೆ ಅಂಟಿದ್ದು. 1889ರಲ್ಲಿ ಫ್ರಾನ್ಸಿನ ಕ್ಲೆರ್ಮಾಂ-ಫೆರಾಂ ಪಟ್ಟಣದ ಮಿಷಲಿನ್ ಸೋದರರ ರಬ್ಬರು ಕಾರ್ಖಾನೆಗೆ ಅಂಥ ಟೈರಿನ ಸೈಕಲ್ಲೊಂದು ಪಂಚರಾಗಿ ಬಂತು. ಕಿತ್ತು ರಿಪೇರಿ ಮಾಡಲು ಮೂರು ಗಂಟೆ, ಅಂಟು ಒಣಗಲು ಇಡೀ ರಾತ್ರಿ. ಬೆಳಿಗ್ಗೆ ಎದುವಾರ್ ಮಿಷಲಿನ್ ಅದನ್ನೇರಿ ಕೆಲವು ನೂರು ಮೀಟರು ಹೋಗುವುದರಲ್ಲಿ ಮತ್ತೆ ಗಾಳಿ ಇಳಿಯಿತು. ಬಿಚ್ಚಲು ಬರುವ ಟೈರಿನ ಯೋಚನೆ ಹುಟ್ಟಿದ್ದು ಹೀಗೆ. 1891ರ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಓಟದಲ್ಲಿ, ಸುಮಾರು 1,200 ಕಿಲೋಮೀಟರು ದೂರವನ್ನು ಆ ಟೈರಿನ ಮೇಲೆ ತುಳಿದು ಷಾರ್ಲ್ ತೆರೋಂ ಗೆದ್ದ.

ಇಲ್ಲಿಂದ ಟೈರಿನ ವಂಶ ಎರಡಾಯಿತು ಎನ್ನಬಹುದು. ಬಿಚ್ಚುವ ಟೈರು ಹಾಲಿನವರ, ಅಂಚೆಯವರ, ಶಾಲೆ ಮಕ್ಕಳ ಸೈಕಲ್ಲಿಗೆ ಬಂತು. ಓಟಗಾರರು ಮಾತ್ರ ಹೊಲಿದು ಅಂಟಿಸುವ ಟೈರನ್ನೇ ಹಿಡಿದುಕೊಂಡರು. ಅದು ಹಗುರ, ಹೆಚ್ಚು ಗಾಳಿ ತಡೆಯುತ್ತದೆ, ಗಾಳಿ ಇಳಿದರೂ ಒಮ್ಮೆಗೇ ಕಳಚಿ ಕೆಡವುವುದಿಲ್ಲ. ಪಂಚರಾದರೆ ತೂತು ಹುಡುಕುವ ಗೋಜಿಲ್ಲ. ಇಡೀ ಟೈರನ್ನೇ ಸುಲಿದೆಸೆದು ಇನ್ನೊಂದನ್ನು ಎಳೆದು ಕೂರಿಸಿದರಾಯಿತು. ಹಳೆಯ ಚಿತ್ರಗಳಲ್ಲಿ ಟೂರ್ ದ ಫ್ರಾನ್ಸ್ ಸವಾರರ ಹೆಗಲ ಮೇಲೆ ಅಡ್ಡಡ್ಡ ಸುತ್ತಿಕೊಂಡಿರುವ ಟೈರುಗಳು ಇವೇ.

ಆಗ ರಿಪೇರಿಯನ್ನು ಸವಾರನೇ ಮಾಡಿಕೊಳ್ಳಬೇಕೆಂಬ ನಿಯಮವಿತ್ತು. 1913ರಲ್ಲಿ ಯೂಜೀನ್ ಕ್ರಿಸ್ತೋಫ್‌ನ ಸೈಕಲ್ಲಿನ ಮುಂದಿನ ಫೋರ್ಕು ಪಿರನೀಸ್ ಬೆಟ್ಟದಲ್ಲಿ ಮುರಿಯಿತು. ಸೈಕಲ್ಲನ್ನು ಹೊತ್ತು ಮೈಲುಗಟ್ಟಲೆ ನಡೆದು, ಹಳ್ಳಿಯ ಕಮ್ಮಾರನ ಕುಲುಮೆಯಲ್ಲಿ ತಾನೇ ಕಾಯಿಸಿ ಬೆಸೆದುಕೊಂಡ. ಆದರೂ ದಂಡ ಬಿತ್ತು: ತಿದಿ ಒತ್ತಿದ್ದು ಒಬ್ಬ ಹುಡುಗ! ಕ್ರಮೇಣ ಟೂರ್‌ನಲ್ಲಿ ಓಟಗಾರರ ಹಿಂದೆ ತಂಡದ ಕಾರುಗಳು ಬಂದವು. ಚಕ್ರ ಬದಲಿಸಲು ಮೆಕ್ಯಾನಿಕ್ ಓಡಿ ಬರತೊಡಗಿದ.

ಆ ಹಳೆಯ ನಿಯಮಕ್ಕೆ ಮತ್ತೆ ಜೀವ ಬಂದದ್ದು ಟ್ರಯಥ್ಲಾನ್‌ನಲ್ಲಿ. 1978ರ ಫೆಬ್ರವರಿ 18ರಂದು ಹವಾಯಿಯಲ್ಲಿ 15 ಜನ ಹೊರಟ ಮೊದಲ ‘ಐರನ್‌ಮ್ಯಾನ್’ ಪಂದ್ಯವನ್ನು 12 ಜನ ಮುಗಿಸಿದರು. ಸುಮಾರು 3.8 ಕಿಲೋಮೀಟರು ಈಜು, 180 ಕಿಲೋಮೀಟರು ಸೈಕಲ್, ಆಮೇಲೆ ಪೂರ್ತಿ ಮ್ಯಾರಥಾನ್. ನಡುವಿನ ಆ 180 ಕಿಲೋಮೀಟರಿನಲ್ಲಿ ಹೊರಗಿನವರು ಯಾರೂ ಕೈಹಾಕುವಂತಿಲ್ಲ. ಸಂಘಟಕರೇ ನೇಮಿಸಿದ ಮೆಕ್ಯಾನಿಕ್ ಸಿಕ್ಕರೆ ಪುಣ್ಯ. ಇಲ್ಲವಾದರೆ ಸೀಟಿನ ಹಿಂದೆ ಕಟ್ಟಿಕೊಂಡ ಮಡಿಸಿದ ಟೈರೇ ಗತಿ.

ಕಷ್ಟವಿರುವುದು ಅಂಟಿನ ಲೆಕ್ಕದಲ್ಲಿ. ಕಡಿಮೆಯಾದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಜಾರಿ ಸವಾರ ನೆಲ ಕಚ್ಚುತ್ತಾನೆ. ಹೆಚ್ಚಾದರೆ ಪಂಚರಾದಾಗ ಟೈರು ಕೀಳಲು ಬರುವುದಿಲ್ಲ. 2004ರಲ್ಲಿ ಹವಾಯಿಯಲ್ಲಿ ಗೆದ್ದಿದ್ದ ಜರ್ಮನಿಯ ನಾರ್ಮನ್ ಸ್ಟಾಡ್ಲರ್ ಮರುವರ್ಷ ಸೋತದ್ದು ಹೀಗೆಯೇ. ಪಂಚರಾದ ಟೈರು ಅಂಟು ಬಿಟ್ಟು ಬರಲೊಲ್ಲದೆ, ರೋಸಿಹೋಗಿ ಸೈಕಲ್ಲನ್ನೇ ಎಸೆದು ಓಟ ಬಿಟ್ಟ. 2006ರಲ್ಲಿ ಬಂದು ಮತ್ತೆ ಗೆದ್ದ.

ಆದ್ದರಿಂದ ಅನುಭವಸ್ಥರು ವಾಲ್ವಿನ ಎದುರು ಬದಿಯಲ್ಲಿ ಎರಡು ಬೆರಳಗಲ ಅಂಟು ಹಚ್ಚದೆ ಬಿಡುತ್ತಾರೆ. ಕೀಳುವಾಗ ಬೆರಳು ತೂರಿಸಲು ಅದೇ ಬಾಗಿಲು. ಹೊಸ ಟೈರು ಬಿಗಿಯಾಗಿದ್ದು ದಾರಿಯಲ್ಲಿ ಕೈಕೊಡುತ್ತದೆಂದು, ಬದಲಿ ಟೈರನ್ನು ಮನೆಯಲ್ಲೇ ಹಳೆಯ ರಿಮ್ಮಿಗೆ ಏರಿಸಿ ಹಿಗ್ಗಿಸಿ, ಅಂಟು ಸವರಿ ಒಣಗಿಸಿಟ್ಟಿರುತ್ತಾರೆ. ಹಳೆಯ ಅಂಟಿನ ಮೇಲೆ ಅದು ಅಷ್ಟಿಷ್ಟು ಹಿಡಿಯುತ್ತದೆ. ಅಷ್ಟಿಷ್ಟೇ, ಹಾಗಾಗಿ ಮುಂದಿನ ತಿರುವುಗಳಲ್ಲೆಲ್ಲ ವೇಗ ಇಳಿಸಲೇಬೇಕು. ಎರಡನೆಯ ಪಂಚರಿಗೆ ಯಾವ ಉಪಾಯವೂ ಇಲ್ಲ.

ಸಹಸ್ಪರ್ಧಿಯ ಕೈ ಒಮ್ಮೊಮ್ಮೆ ಒದಗುವುದುಂಟು. 2008ರಲ್ಲಿ ಅದೇ ಹವಾಯಿಯಲ್ಲಿ ಬ್ರಿಟನ್ನಿನ ಕ್ರಿಸಿ ವೆಲ್ಲಿಂಗ್ಟನ್‌ಗೆ ಪಂಚರಾಯಿತು. ಗಾಳಿ ತುಂಬಲು ತಂದಿದ್ದ ಪುಟ್ಟ ಗ್ಯಾಸ್ ಸಿಲಿಂಡರುಗಳು ಗಡಿಬಿಡಿಯಲ್ಲಿ ವ್ಯರ್ಥವಾದವು. ದಾರಿ ಬದಿಯಲ್ಲಿ ನಿಂತಿದ್ದವಳಿಗೆ ಆಸ್ಟ್ರೇಲಿಯದ ಪ್ರತಿಸ್ಪರ್ಧಿ ರೆಬೆಕಾ ಕೀಟ್ ತನ್ನದೊಂದನ್ನು ಕೊಟ್ಟು ಮುಂದೆ ಹೋದಳು. ಗೆದ್ದದ್ದು ವೆಲ್ಲಿಂಗ್ಟನ್.

ಪಂಚರಾದ ಹೊಲಿದ ಟೈರನ್ನು ಉಳಿಸಬಾರದೆಂದೇನಿಲ್ಲ. ಕೆಳಗಿನ ಪಟ್ಟಿ ಬಿಡಿಸಿ, ತೂತಿನ ಎದುರಿಗೆ ಒಂದಿಷ್ಟು ಹೊಲಿಗೆ ಬಿಚ್ಚಿ, ಟ್ಯೂಬಿಗೆ ಪ್ಯಾಚ್ ಹಾಕಿ, ಹಳೆಯ ತೂತುಗಳಲ್ಲೇ ಸೂಜಿ ತೂರಿಸಿ ಮತ್ತೆ ಹೊಲಿಯಬೇಕು. ಸೂಜಿ ತುಸು ತಪ್ಪಿದರೆ ಟ್ಯೂಬು ಇನ್ನೊಮ್ಮೆ ಪಂಚರ್. ಅರ್ಧ ಪಂಚರ್ ಅಂಗಡಿಯವರ, ಅರ್ಧ ಚಪ್ಪಲಿ ಹೊಲಿಯುವವರ ಕೆಲಸ ಇದು. ಒಳ್ಳೆಯ ಟೈರೊಂದರ ದುಡ್ಡಿಗೆ ಹೆಚ್ಚುಕಡಿಮೆ ಸಾಮಾನ್ಯ ಸೈಕಲ್ಲೊಂದು ಬರುವ ನಮ್ಮಂಥ ಕಡೆ ಹೊಲಿದುಕೊಳ್ಳುವುದೇ ಮೇಲು.

ಈಚಿನ ವರ್ಷಗಳಲ್ಲಿ ಟ್ರಯಥ್ಲಾನ್‌ನವರು ಅಂಟಿನ ಸಹವಾಸ ಬಿಟ್ಟು ಬಿಚ್ಚುವ ಟೈರಿಗೂ ಟ್ಯೂಬಿಲ್ಲದ ಟೈರಿಗೂ ಹೊರಳಿದ್ದಾರೆ. ಟೈರಿನೊಳಗೆ ಸುರಿದ ಹಾಲಿನಂಥ ರಬ್ಬರು ದ್ರವ ಚಕ್ರ ತಿರುಗುತ್ತಿರುವಾಗಲೇ ಸಣ್ಣ ತೂತಿಗೆ ಹರಿದು ಹೆಪ್ಪುಗಟ್ಟುತ್ತದೆ. ನೆಗ್ಗಿಲು ಮುಳ್ಳು ಮಾಡುವಷ್ಟು ತೂತಾದರೆ ಅದು ಸಾಕು. ಲಾಳದ ಮೊಳೆಗೆ ಸಾಲದು.