ಇಲಿಗೆ ಫಲಿಸಿದ ಲಸಿಕೆ: ಆಲ್‌ಝೈಮರ್ ಔಷಧಗಳ ಪ್ರಾಣಿಪ್ರಯೋಗದ ಒಂದು ಅಧ್ಯಾಯ

ಇಲಿಗೆ ಎಷ್ಟೇ ವಯಸ್ಸಾದರೂ ತಾನಾಗಿ ಆಲ್‌ಝೈಮರ್ ಬರುವುದಿಲ್ಲ. ಮನುಷ್ಯರ ಮಿದುಳಿನಲ್ಲಿ ಗಂಟುಗಟ್ಟುವ ಬೀಟಾ ಅಮೈಲಾಯ್ಡ್ ಎಂಬ ಪ್ರೋಟೀನ್ ತುಣುಕು ಇಲಿಯಲ್ಲೂ ಇದೆಯಾದರೂ ಮೂರು ಅಮೈನೋ ಆಮ್ಲಗಳಷ್ಟು ಬೇರೆಯಾಗಿದೆ. ಅದು ಸುಲಭವಾಗಿ ಹೆಪ್ಪುಗಟ್ಟದು. ಹಾಗಾಗಿ ಮೊದಲ ತಲೆಮಾರಿನ ಸಂಶೋಧಕರು, ಮಿದುಳಿನ ಸಂದೇಶವಾಹಕ ಅಸಿಟೈಲ್‌ಕೋಲಿನ್‌ನ ಕೆಲಸವನ್ನು ತಡೆಯುವ ಸ್ಕೋಪೋಲಮೈನ್ ಕೊಟ್ಟು ಪ್ರಾಣಿಗಳಲ್ಲಿ ತಾತ್ಕಾಲಿಕ ಮರೆವು ತರಿಸಿ ಔಷಧಗಳನ್ನು ಪರೀಕ್ಷಿಸುತ್ತಿದ್ದರು. ಅಸಿಟೈಲ್‌ಕೋಲಿನ್ ಉಳಿಸುವ ಔಷಧಗಳು ಆ ಪರೀಕ್ಷೆಯಲ್ಲಿ ಗೆದ್ದವು. 1996ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಡೊನೆಪೆಝಿಲ್ ಅಂಥದ್ದು. ಅದು ಲಕ್ಷಣಗಳನ್ನು ಕೊಂಚ ಹಗುರಗೊಳಿಸುತ್ತದೆ, ರೋಗವನ್ನು ತಡೆಯುವುದಿಲ್ಲ.

ರೋಗವನ್ನೇ ಇಲಿಯೊಳಗೆ ಕಟ್ಟಬೇಕೆಂಬ ಹಂಬಲ ಎಡವಿದ್ದೂ ಉಂಟು. 1991ರಲ್ಲಿ ‘ನೇಚರ್’ ಪ್ರಕಟಿಸಿದ ಇಂಥದೊಂದು ಇಲಿಯ ವರದಿಯನ್ನು ಮರುವರ್ಷವೇ ಹಿಂಪಡೆಯಬೇಕಾಯಿತು. ನಿಜವಾದ ಗೆಲುವು ಬಂದದ್ದು 1995ರಲ್ಲಿ, ಅದೇ ಪತ್ರಿಕೆಯಲ್ಲಿ. ಅಥೇನಾ ನ್ಯೂರೋಸೈನ್ಸಸ್ ಕಂಪನಿಯ ವಿಜ್ಞಾನಿಗಳೂ ಅವರ ಸಹವರ್ತಿಗಳೂ ಸೇರಿ, ಕೆಲವೇ ಕುಟುಂಬಗಳಲ್ಲಿ ನಡುವಯಸ್ಸಿನಲ್ಲೇ ರೋಗ ತರುವ ಮಾನವ ವಂಶವಾಹಿಯೊಂದನ್ನು ಇಲಿಗೆ ಸೇರಿಸಿದ್ದರು. ಈ ‘ಪಿಡಿಎಪಿಪಿ’ ಇಲಿಯ ಮಿದುಳಿನಲ್ಲಿ ತಿಂಗಳುಗಳಲ್ಲೇ ಅಮೈಲಾಯ್ಡ್ ಗಂಟುಗಳು ಕಂಡವು.

ನಾಲ್ಕು ವರ್ಷಗಳ ನಂತರ ವಿಜ್ಞಾನಿ ಡೇಲ್ ಶೆಂಕ್ ಅವರ ತಂಡ ಇದೇ ಇಲಿಗಳಿಗೆ ಬೀಟಾ ಅಮೈಲಾಯ್ಡನ್ನೇ ಲಸಿಕೆಯಾಗಿ ಚುಚ್ಚಿತು. ಆರು ವಾರದ ಮರಿಗಳಲ್ಲಿ ಗಂಟುಗಳು ಬಹುಮಟ್ಟಿಗೆ ಮೂಡಲೇ ಇಲ್ಲ. ಹನ್ನೊಂದು ತಿಂಗಳಿಗೆ ಚುಚ್ಚಿಸಿಕೊಂಡವುಗಳಲ್ಲೂ ಅವು ಕಡಿಮೆಯಾದವು. 2000ದಲ್ಲಿ ಬೇರೆರಡು ತಂಡಗಳು, ಲಸಿಕೆ ಪಡೆದ ಇಂಥ ಇಲಿಗಳು ನೀರಿನ ಜಟಿಲಪಥದಲ್ಲಿ ದಾರಿಯನ್ನು ಚೆನ್ನಾಗಿ ನೆನಪಿಡುತ್ತವೆಂದು ತೋರಿಸಿದವು. ಆ ದಿನಗಳ ಉತ್ಸಾಹಕ್ಕೆ ಆಧಾರವಿತ್ತು ಎಂಬುದನ್ನು ಒಪ್ಪಲೇಬೇಕು.

ಎಎನ್1792 ಎಂಬ ಹೆಸರಿನ ಆ ಲಸಿಕೆ ಮನುಷ್ಯರಿಗೆ ಬಂತು. ಎರಡನೇ ಹಂತದ ಪ್ರಯೋಗದಲ್ಲಿ ಲಸಿಕೆ ಪಡೆದ ಸುಮಾರು 300 ಮಂದಿಯಲ್ಲಿ 18 ಜನರಿಗೆ ಮಿದುಳು ಮತ್ತು ಮಿದುಳುಪೊರೆಯ ಉರಿಯೂತವಾಯಿತು. 2002ರ ಜನವರಿಯಲ್ಲಿ ಚುಚ್ಚುಮದ್ದು ನಿಂತಿತು. ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳ ಪ್ರತಿಕ್ರಿಯೆಯೇ ಇದಕ್ಕೆ ಕಾರಣವೆಂದು ಹೆಚ್ಚಿನವರು ಭಾವಿಸುತ್ತಾರೆ. ಇಲಿಗಳು ಇದರ ಮುನ್ಸೂಚನೆ ಕೊಟ್ಟಿರಲಿಲ್ಲ.

ನನಗೆ ಇದಕ್ಕಿಂತಲೂ ಮುಖ್ಯವೆನಿಸುವುದು 2008ರ ‘ಲ್ಯಾನ್ಸೆಟ್’ ವರದಿ. ಮೊದಲ ಹಂತದಲ್ಲಿ ಲಸಿಕೆ ಪಡೆದು ಮುಂದೆ ತೀರಿಕೊಂಡ ಎಂಟು ಮಂದಿಯ ಮಿದುಳನ್ನು ಅದರಲ್ಲಿ ಪರೀಕ್ಷಿಸಲಾಗಿತ್ತು. ಕೆಲವರಲ್ಲಿ ಗಂಟುಗಳು ಬಹುತೇಕ ಅಳಿಸಿಹೋಗಿದ್ದವು. ಆದರೂ ಅವರು ಸಾಯುವ ಮುನ್ನ ತೀವ್ರ ಮರೆವಿನ ಕೊನೆಯ ಹಂತವನ್ನೇ ತಲುಪಿದ್ದರು. ಗಂಟು ಕರಗುತ್ತದೆಂದು ಇಲಿ ಹೇಳಿದ್ದು ಸರಿಯಾಗಿತ್ತು. ತಪ್ಪಿದ್ದು ಅದರಿಂದ ನಾವು ಕಟ್ಟಿದ ಊಹೆ. ಪಿಡಿಎಪಿಪಿ ಇಲಿಯಲ್ಲಿ ನರಕೋಶಗಳೊಳಗೆ ಟೌ ಎಂಬ ಪ್ರೋಟೀನ್ ಹೆಣೆದುಕೊಂಡಾಗುವ ಸಿಕ್ಕುಗಳಿಲ್ಲ, ಗಣನೀಯ ನರಕೋಶ ನಾಶವೂ ಇಲ್ಲ. ಮನುಷ್ಯರಲ್ಲಾದರೋ ನೆನಪು ಕುಸಿಯುವ ಹೊತ್ತಿಗೆ ಇವೆರಡೂ ಬಹಳ ಮುಂದುವರಿದಿರುತ್ತವೆ. ಹುಟ್ಟಿದ ಆರು ವಾರಕ್ಕೇ ರಕ್ಷಣೆ ಪಡೆದ ಇಲಿಯನ್ನು ಎಪ್ಪತ್ತು ದಾಟಿದ ರೋಗಿಗೆ ಹೋಲಿಸುವುದು ಹೇಗೆ?

2002ರಿಂದ 2012ರವರೆಗೆ ಪ್ರಯೋಗಕ್ಕೊಳಗಾದ ಆಲ್‌ಝೈಮರ್ ಔಷಧಗಳಲ್ಲಿ ಶೇಕಡಾ 99.6ರಷ್ಟು ಸೋತವೆಂಬ ಲೆಕ್ಕ 2014ರಲ್ಲಿ ಬಂತು. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಮಾನ್ಯತೆ ಪಡೆದ ಲೆಕಾನೆಮ್ಯಾಬ್ ಕೂಡ ಇಲಿಗಳಿಂದಲೇ ಬಂದ, ಅಮೈಲಾಯ್ಡ್ ವಿರುದ್ಧದ ಪ್ರತಿಕಾಯ. ರೋಗದ ಆರಂಭದಲ್ಲಿ ಕೊಟ್ಟಾಗ ಹದಿನೆಂಟು ತಿಂಗಳಲ್ಲಿ ಕುಸಿತವನ್ನು ಸುಮಾರು ಶೇಕಡಾ 27ರಷ್ಟು ನಿಧಾನಗೊಳಿಸಿತು, ನಿಲ್ಲಿಸಲಿಲ್ಲ.

ನರವಿಜ್ಞಾನಿ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡ 2012ರಲ್ಲಿ ಪ್ರಕಟಿಸಿದ ಅಶ್ವಗಂಧದ ಅಧ್ಯಯನವನ್ನೂ ಈ ಬೆಳಕಿನಲ್ಲೇ ಓದಬೇಕು. ಬೇರಿನ ಸಾರವನ್ನು ಬಾಯಿಯ ಮೂಲಕ ಕೊಟ್ಟಾಗ ವಯಸ್ಸಾದ ಇಲಿಗಳಲ್ಲೂ ಅಮೈಲಾಯ್ಡ್ ಇಳಿಯಿತು. ಆ ಸಾರ ಮಿದುಳಿನಲ್ಲಲ್ಲ, ಯಕೃತ್ತಿನಲ್ಲಿ ಎಲ್‌ಆರ್‌ಪಿ ಎಂಬ ಗ್ರಾಹಿ ಪ್ರೋಟೀನನ್ನು ಹೆಚ್ಚಿಸಿ ರಕ್ತದ ಮೂಲಕ ಅಮೈಲಾಯ್ಡನ್ನು ಹೊರಸೆಳೆಯುತ್ತದೆಂಬ ಶೋಧ ನಿಜಕ್ಕೂ ಹೊಸದು. ಆದರೆ ಅವೂ ಅಮೈಲಾಯ್ಡ್ ವಂಶವಾಹಿ ಸೇರಿಸಿದ ಇಲಿಗಳೇ.