ಲೈಂಗಿಕ ಒಲವು: ಕಾಯಿಲೆಗಳ ಪಟ್ಟಿಗೆ ಸೇರಿದ್ದು ಹೇಗೆ, ಹೊರಬಂದದ್ದು ಹೇಗೆ?

ಒಬ್ಬ ವ್ಯಕ್ತಿಗೆ ಯಾರ ಕಡೆ ಪ್ರೇಮ ಮತ್ತು ಲೈಂಗಿಕ ಆಕರ್ಷಣೆ ಉಂಟಾಗುತ್ತದೆ ಎಂಬುದೇ ಲೈಂಗಿಕ ಒಲವು. ಅದು ವಿರುದ್ಧ ಲಿಂಗದವರ ಕಡೆ, ಸ್ವಲಿಂಗದವರ ಕಡೆ ಅಥವಾ ಇಬ್ಬರ ಕಡೆಯೂ ಇರಬಹುದು. ಕೆಲವರಲ್ಲಿ ಯಾರ ಕಡೆಯೂ ಇರದಿರಬಹುದು. ಮಗ ಅಥವಾ ಮಗಳು ಸಲಿಂಗಿ ಎಂದು ತಿಳಿದಾಗ ಅನೇಕ ತಂದೆತಾಯಂದಿರು ಕೇಳುವ ಪ್ರಶ್ನೆ: ಇದಕ್ಕೆ ಔಷಧಿ ಇದೆಯೇ? ಇಲ್ಲ. ಏಕೆಂದರೆ ಇದು ಕಾಯಿಲೆಯಲ್ಲ. ಆದರೆ ಹಿಂದೆ ವೈದ್ಯಶಾಸ್ತ್ರವೇ ಇದನ್ನು ಕಾಯಿಲೆ ಎಂದಿತ್ತು.

ಕಾಯಿಲೆ ಎಂದದ್ದು ಯಾವಾಗ?

1886ರಲ್ಲಿ ಮನೋವೈದ್ಯ ಕ್ರಾಫ್ಟ್-ಎಬಿಂಗ್ ತಮ್ಮ ಗ್ರಂಥದಲ್ಲಿ ಸಲಿಂಗಕಾಮವನ್ನು ವಿಕೃತಿಗಳ ಸಾಲಿಗೆ ಸೇರಿಸಿದರು. ಅವರು ಕಂಡದ್ದು ಹೆಚ್ಚಾಗಿ ಆಸ್ಪತ್ರೆ, ನ್ಯಾಯಾಲಯಗಳಿಗೆ ಬಂದವರನ್ನು. 1952ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಪ್ರಕಟಿಸಿದ ಮನೋರೋಗಗಳ ಮೊದಲ ಪಟ್ಟಿಯಲ್ಲೂ ಇದು ಸೇರಿತು. ಅದೇ ವರ್ಷ ಬ್ರಿಟನ್ನಿನ ಗಣಿತಜ್ಞ ಅಲನ್ ಟ್ಯೂರಿಂಗ್ ಅವರಿಗೆ ಜೈಲಿನ ಬದಲು ಈಸ್ಟ್ರೋಜನ್ ಹಾರ್ಮೋನ್ ನೀಡಲಾಯಿತು. ಸ್ತನ ಬೆಳೆಯುವಂಥ ಅಡ್ಡಪರಿಣಾಮ ಆಯಿತೇ ಹೊರತು ಒಲವು ಬದಲಾಗಲಿಲ್ಲ. ಹಾರ್ಮೋನುಗಳು ಕಾಮಾಸಕ್ತಿಯನ್ನು ಹೆಚ್ಚು ಕಡಿಮೆ ಮಾಡಬಲ್ಲವು. ಅದರ ದಿಕ್ಕನ್ನು ಬದಲಿಸಲಾರವು.

ಪಟ್ಟಿಯಿಂದ ಹೊರಬಂದದ್ದು ಹೇಗೆ?

1957ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಎವೆಲಿನ್ ಹೂಕರ್, ಚಿಕಿತ್ಸೆಗೆ ಬಾರದ 30 ಸಲಿಂಗಿ ಮತ್ತು 30 ಇತರ ಪುರುಷರ ಮಾನಸಿಕ ಪರೀಕ್ಷೆಗಳನ್ನು ಹೋಲಿಸಿದರು. ಹೆಸರು ಮರೆಮಾಡಿ ಕೊಟ್ಟ ಫಲಿತಾಂಶಗಳನ್ನು ನೋಡಿ ಯಾರು ಸಲಿಂಗಿ ಎಂದು ಗುರುತಿಸಲು ತಜ್ಞರಿಗೆ ಆಗಲಿಲ್ಲ. ಇಂಥ ಪುರಾವೆಗಳ ಜೊತೆಗೆ ಸಲಿಂಗಿಗಳ ಹೋರಾಟವೂ ಸೇರಿ, 1973ರಲ್ಲಿ ಅಮೆರಿಕದ ಸಂಘ ಇದನ್ನು ಪಟ್ಟಿಯಿಂದ ತೆಗೆಯಿತು. 1990ರ ಮೇ 17ರಂದು ವಿಶ್ವ ಆರೋಗ್ಯ ಸಂಸ್ಥೆಯೂ ಕೈಬಿಟ್ಟಿತು.

ಕಾರಣವೇನು?

ಒಂದೇ ಕಾರಣವಿಲ್ಲ. ಸುಮಾರು 4.7 ಲಕ್ಷ ಜನರ ವಂಶವಾಹಿಗಳನ್ನು ಪರಿಶೀಲಿಸಿದ 2019ರ ಅಧ್ಯಯನದಲ್ಲಿ ‘ಸಲಿಂಗಿ ಜೀನ್’ ಎಂಬ ಒಂದೇ ವಂಶವಾಹಿ ಸಿಗಲಿಲ್ಲ. ಅನೇಕ ವಂಶವಾಹಿಗಳ ಸಣ್ಣ ಸಣ್ಣ ಪ್ರಭಾವಗಳು ಮತ್ತು ಪರಿಸರದ ಪಾತ್ರ ಕಂಡುಬಂತು. ಸಾಕಿದ ರೀತಿ ತಪ್ಪಾಯಿತೆಂದು ತಂದೆತಾಯಿ ಕೊರಗಬೇಕಿಲ್ಲ.

ಭಾರತದಲ್ಲಿ ಈಗ

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು 377ನೇ ಸೆಕ್ಷನ್ನಿನ ವ್ಯಾಪ್ತಿಯಿಂದ ಹೊರಗಿಟ್ಟಿತು. ಒಲವು ಬದಲಿಸುವುದಾಗಿ ಹೇಳುವ ‘ಪರಿವರ್ತನಾ ಚಿಕಿತ್ಸೆ’ ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ.

ನೀವೇನು ಮಾಡಬಹುದು?

* ಒಲವು ಬದಲಿಸುವ ಮಾತ್ರೆ, ಇಂಜೆಕ್ಷನ್, ಪುಡಿ ಎಂದು ಯಾರೇ ಕೊಟ್ಟರೂ ಕೊಳ್ಳಬೇಡಿ.
* ನಿಂದನೆ, ಭಯ, ಗುಟ್ಟಾಗಿ ಬದುಕುವ ಒತ್ತಡದಿಂದ ಖಿನ್ನತೆ ಬರಬಹುದು. ಅದಕ್ಕೆ ಚಿಕಿತ್ಸೆ ಇದೆ. ವೈದ್ಯರು ಬರೆದುಕೊಟ್ಟ ಖಿನ್ನತೆಯ ಮಾತ್ರೆ ಖಿನ್ನತೆಗಾಗಿ ಮಾತ್ರ. ಅದನ್ನು ಕೇಳದೆ ನಿಲ್ಲಿಸಬೇಡಿ.
* ಮಕ್ಕಳು ಹೇಳಿಕೊಂಡರೆ ಮೊದಲು ಪೂರ್ತಿ ಕೇಳಿ. ಅವರ ಅನುಮತಿಯಿಲ್ಲದೆ ಬಂಧುಗಳಿಗೆ ತಿಳಿಸಬೇಡಿ.
* ಮನಸ್ಸು ಕುಸಿದಾಗ, ಸಾಯುವ ಯೋಚನೆ ಬಂದಾಗ ಸರ್ಕಾರದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮಾತನಾಡಬಹುದು.