ರಾಗಿಕಾಳಿನ ಎರಡು ದಡ: ಆಫ್ರಿಕಾ ಪುರಾತತ್ವಜ್ಞರ ಒಡನಾಟದ ಬಗ್ಗೆ ಒಂದು ಟಿಪ್ಪಣಿ

ರಾಗಿಯ ತವರು ಪೂರ್ವ ಆಫ್ರಿಕಾ. ಇಥಿಯೋಪಿಯಾದಿಂದ ಉಗಾಂಡಾವರೆಗಿನ ಎತ್ತರದ ನೆಲದಲ್ಲಿ ಅದರ ಕಾಡುತಳಿ ಇಂದಿಗೂ ಬೆಳೆಯುತ್ತದೆ. ಅದು ಕನ್ನಡನಾಡಿಗೆ ಬಂದದ್ದು ಯಾವಾಗ ಎಂದು ಹುಡುಕಹೊರಟವರು ಎರಡೂ ದಡಗಳಲ್ಲಿ ಎಡವಿದ್ದಾರೆ. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ 1965ರಲ್ಲಿ ಉತ್ಖನನ ನಡೆಸಿದಾಗ ಸಿಕ್ಕ ಸುಟ್ಟ ಕಾಳುಗಳನ್ನು ರಾಗಿಯೆಂದು ಗುರುತಿಸಲಾಯಿತು. ದಕ್ಷಿಣ ಭಾರತದ ರಾಗಿಗೆ ನವಶಿಲಾಯುಗದ ವಯಸ್ಸು ಬಂತು. 1970ರ ದಶಕದಲ್ಲಿ ಇಥಿಯೋಪಿಯಾದ ಅಕ್ಸುಮ್ ಬಳಿಯ ಗೊಬೆದ್ರಾ ಕಲ್ಲಾಸರೆಯಲ್ಲಿ ಡೇವಿಡ್ ಫಿಲಿಪ್ಸನ್ ಅವರಿಗೂ ರಾಗಿ ಸಿಕ್ಕಿತು. ಅದಿದ್ದ ಪದರ ಸಾವಿರಾರು ವರ್ಷ ಹಳೆಯದು. ಆದರೆ ಮುಂದೆ ಕಾಳನ್ನೇ ನೇರವಾಗಿ ಇಂಗಾಲ-14 ಪರೀಕ್ಷೆಗೆ ಒಡ್ಡಿದಾಗ ಅದು ಕ್ರಿಸ್ತಶಕದ್ದೆಂದು ತಿಳಿಯಿತು. ಮೇಲಿನ ಪದರದಿಂದ ಜಾರಿ ಕೆಳಗೆ ಸೇರಿಕೊಂಡಿತ್ತು.

ಕಾಳನ್ನು ಗುರುತಿಸುವುದರಲ್ಲೂ ತಪ್ಪು ಏಕೆ ಆಗುತ್ತದೆಂಬುದು ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಅರ್ಥವಾಗುತ್ತದೆ. ಉತ್ಖನನದ ಮಣ್ಣನ್ನು ಬಕೆಟ್ ನೀರಿಗೆ ಹಾಕಿ ಕದಡಿದರೆ ಇದ್ದಿಲಾದ ಕಾಳು ಮೇಲೆ ತೇಲುತ್ತದೆ. ಅದನ್ನು ಸಣ್ಣ ಜಾಲರಿಯಲ್ಲಿ ಸೋಸಿ ನೆರಳಲ್ಲಿ ಒಣಗಿಸಬೇಕು. ಬೆಂಕಿಗೆ ಸಿಕ್ಕ ಕಾಳು ಉಬ್ಬಿರುತ್ತದೆ, ಸಿಪ್ಪೆ ಕಳೆದುಕೊಂಡಿರುತ್ತದೆ. ಮಿಲಿಮೀಟರಿಗಿಂತ ಸ್ವಲ್ಪ ದಪ್ಪನೆಯ ಆ ಕರಿಗುಂಡು ರಾಗಿಯೋ ಕೊರಲೆಯೋ ಎಂದು ಹೇಳಬೇಕಾದರೆ ಮೊಳಕೆಯ ಗುಳಿ ಎಷ್ಟು ಉದ್ದವಿದೆ, ಮೈಮೇಲೆ ರಾಗಿಗೆ ವಿಶಿಷ್ಟವಾದ ಹರಳುಹರಳು ಗುರುತು ಉಳಿದಿದೆಯೇ ಎಂದು ನೋಡಬೇಕು. ಪಕ್ಕದಲ್ಲಿ ಹೋಲಿಸಲು ಆಫ್ರಿಕಾದ ಕಾಡುರಾಗಿಯ ಮಾದರಿ, ನಮ್ಮ ನಾಟಿ ತಳಿಯ ಮಾದರಿ ಎರಡೂ ಇರಬೇಕು. ಇವೆರಡನ್ನೂ ಒಂದೇ ಮೇಜಿನ ಮೇಲೆ ತರುವುದು ಒಬ್ಬರ ಕೈಲಾಗುವ ಕೆಲಸವಲ್ಲ.

ಡೋರಿಯನ್ ಫುಲ್ಲರ್ ಪ್ರಾಚೀನ ದಕ್ಷಿಣ ಏಷ್ಯಾದಲ್ಲಿ ಸಿಕ್ಕವೆನ್ನಲಾದ ಆಫ್ರಿಕಾ ಬೆಳೆಗಳನ್ನೆಲ್ಲ ಮರುಪರಿಶೀಲಿಸಿ, ಹಳೆಯ ರಾಗಿಗಳಲ್ಲಿ ಹಲವು ನಮ್ಮ ನೆಲದ್ದೇ ಕಿರುಧಾನ್ಯಗಳೆಂದು ತೋರಿಸಿದ ಲೇಖನ 2003ರಲ್ಲಿ ಅಚ್ಚಾಯಿತು. ಅಚ್ಚಾದದ್ದು ಆಫ್ರಿಕಾದ ಪ್ರಾಚೀನ ಸಸ್ಯಾವಶೇಷಗಳ ಕುರಿತ ಸಂಪುಟವೊಂದರಲ್ಲಿ. ನನಗೆ ಈ ಸಂಗತಿ ಬಹಳ ಮುಖ್ಯವೆನಿಸುತ್ತದೆ. ಹಳ್ಳೂರಿನ ಕಾಳಿನ ಬಗ್ಗೆ ತೀರ್ಪು ಕೊಡಬಲ್ಲ ಓದುಗರು ಸೇರಿದ್ದದ್ದು ಆಫ್ರಿಕಾದ ಬಗ್ಗೆ ಕೆಲಸ ಮಾಡುವವರ ಕೂಟದಲ್ಲಿ.

ಆ ಕೂಟಗಳಲ್ಲಿ ಮೊದಲನೆಯದನ್ನು ಕರೆದವರು ಲೂಯಿ ಲೀಕಿ. 1947ರ ಜನವರಿಯಲ್ಲಿ ನೈರೋಬಿಯಲ್ಲಿ ಅಖಿಲ ಆಫ್ರಿಕಾ ಪ್ರಾಗಿತಿಹಾಸ ಸಮ್ಮೇಳನ ನಡೆಯಿತು. 26 ದೇಶಗಳಿಂದ ಸುಮಾರು 60 ಮಂದಿ ಬಂದಿದ್ದರು. ಬಂದವರನ್ನು ಲೀಕಿ ಸಭಾಂಗಣದಲ್ಲೇ ಕೂರಿಸಲಿಲ್ಲ, ಓಲೊರ್ಗೆಸೈಲಿಗೆ ಕರೆದೊಯ್ದರು. ಅಲ್ಲಿ ನೂರಾರು ಕೈಗೊಡಲಿಗಳು ನೆಲದ ಮೇಲೆ ಸಿಕ್ಕ ಸ್ಥಿತಿಯಲ್ಲೇ ಹರಡಿದ್ದವು. ಬೇರೆಬೇರೆ ಭಾಷೆಯ, ಬೇರೆಬೇರೆ ವಸಾಹತುಗಳ ವಿದ್ವಾಂಸರು ಒಂದೇ ಕಲ್ಲನ್ನು ನೋಡಿ ಮಾತಾಡಿದ್ದು ಈ ಬಗೆಯ ಒಡನಾಟಕ್ಕೆ ಸರಿಯಾದ ಆರಂಭ.

ಮುಂದಿನ ಸಮ್ಮೇಳನ ದಕ್ಷಿಣ ಆಫ್ರಿಕಾದಲ್ಲಿ ನಡೆಯಬೇಕಿತ್ತು. 1948ರಲ್ಲಿ ಅಧಿಕಾರಕ್ಕೆ ಬಂದ ನ್ಯಾಷನಲ್ ಪಾರ್ಟಿಯ ಸರ್ಕಾರ ಆಹ್ವಾನವನ್ನು ಹಿಂತೆಗೆದುಕೊಂಡಿತು. ಸಮ್ಮೇಳನ 1952ರಲ್ಲಿ ಅಲ್ಜಿಯರ್ಸ್‌ಗೆ ಹೋಯಿತು, 1955ರಲ್ಲಿ ಲಿವಿಂಗ್‌ಸ್ಟನ್‌ಗೆ. ಜೊಹಾನ್ಸ್‌ಬರ್ಗ್‌ನಲ್ಲಿ ಅದು ಸೇರಿದ್ದು 2014ರಲ್ಲಿ. ಒಂದು ಊರಿಗೆ ತಲುಪಲು ಅರ್ಧ ಶತಮಾನಕ್ಕೂ ಮಿಕ್ಕ ಕಾಲ ಹಿಡಿಯಿತು. ನಡುವೆ 1983ರ ಜೋಸ್ ಸಮ್ಮೇಳನಕ್ಕೂ 1995ರ ಹರಾರೆಗೂ 12 ವರ್ಷಗಳ ಅಂತರ. ಹೀಗೆ ಬಿಟ್ಟುಬಿಟ್ಟು ಸೇರುವ ಸಮ್ಮೇಳನವನ್ನೇ ನೆಚ್ಚಿಕೊಂಡಿದ್ದರೆ ಒಂದಿಡೀ ತಲೆಮಾರು ಪರಸ್ಪರ ಅಪರಿಚಿತವಾಗಿ ಉಳಿಯುತ್ತಿತ್ತು.

ಸಂಪರ್ಕ ಕಡಿಯದಂತೆ ನೋಡಿಕೊಂಡದ್ದು ಇದಕ್ಕಿಂತ ಚಿಕ್ಕ ಕೆಲಸಗಳು. ಬ್ರಯಾನ್ ಫೇಗನ್ 1961ರಿಂದ ಸಹಾರಾದ ದಕ್ಷಿಣದ ಇಂಗಾಲ-14 ಕಾಲಮಾನಗಳನ್ನು ಒಂದೆಡೆ ಕೂಡಿಸಿ ಪಟ್ಟಿಯಾಗಿ ಪ್ರಕಟಿಸತೊಡಗಿದರು. ಸುಡಾನಿನ ಮೆರೊವೆಯಲ್ಲಿ ಉತ್ಖನನ ನಡೆಸಿದ್ದ ಪೀಟರ್ ಶಿನ್ನಿ ಕೆನಡಾದ ಕ್ಯಾಲ್ಗರಿಗೆ ಬಂದಮೇಲೆ, 1972ರಲ್ಲಿ ಅಲ್ಲಿಂದ ‘ನ್ಯಾಮೆ ಅಕುಮ’ ಎಂಬ ಕಿರುಪತ್ರಿಕೆ ಹೊರಟಿತು. ಆ ಹೆಸರು ಘಾನಾದ ಅಕಾನ್ ಜನರದು. ಹೊಲದಲ್ಲಿ ಸಿಗುವ ಉಜ್ಜಿದ ಕಲ್ಲುಕೊಡಲಿಗಳು ಆಕಾಶದಿಂದ ಬಿದ್ದ ದೇವರ ಕೊಡಲಿಗಳೆಂದು ಅವರು ನಂಬುತ್ತಾರೆ. ಪತ್ರಿಕೆಯಲ್ಲಿ ದೊಡ್ಡ ಸಿದ್ಧಾಂತಗಳಿಗಿಂತ ಹೆಚ್ಚಾಗಿ ಬರುತ್ತಿದ್ದದ್ದು ಈ ಸಲ ಯಾವ ನೆಲೆಯಲ್ಲಿ ಅಗೆದೆವು, ಯಾವ ಪದರದಲ್ಲಿ ಏನು ಸಿಕ್ಕಿತು ಎಂಬ ಚಿಕ್ಕ ವರದಿಗಳು. ಅಂತಿಮ ವರದಿ ಹೊರಬರಲು ಹತ್ತಿಪ್ಪತ್ತು ವರ್ಷ ಹಿಡಿಯುವ ನಮ್ಮ ಶಾಸ್ತ್ರದಲ್ಲಿ ಇದು ದೊಡ್ಡ ಉಪಕಾರ. ಅಪೂರ್ಣವಾದದ್ದನ್ನು ಅಪೂರ್ಣವೆಂದೇ ಹೇಳಿ ಹಂಚಿಕೊಳ್ಳುವ ಧೈರ್ಯವನ್ನು ಆ ಪತ್ರಿಕೆ ಕಲಿಸಿತು ಎಂದು ನಾನು ನಂಬಿದ್ದೇನೆ.

ಆದರೂ ಒಂದು ನೋವಿನ ಸಂಗತಿ ಉಳಿಯುತ್ತದೆ. ಆಫ್ರಿಕಾದ ಬಗ್ಗೆ ಕೆಲಸ ಮಾಡುವ ಪುರಾತತ್ವಜ್ಞರ ಸಂಘದ ಸಭೆಗಳು ಹೆಚ್ಚಾಗಿ ನಡೆದದ್ದು ಉತ್ತರ ಅಮೆರಿಕ, ಯುರೋಪುಗಳಲ್ಲಿ. ಅಗೆದ ಊರಿನ ವಿದ್ವಾಂಸರಿಗೇ ವೀಸಾ, ವಿಮಾನದ ಖರ್ಚು ಎರಡೂ ಅಡ್ಡಿ. 2010ರಲ್ಲಿ ಡಾಕರ್‌ನಲ್ಲಿ, 2014ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಈ ಸಂಘವೂ ಅಖಿಲ ಆಫ್ರಿಕಾ ಸಮ್ಮೇಳನವೂ ಒಟ್ಟಿಗೆ ಸೇರಿದವು. ಪರಖಂಡದ ಸಂಶೋಧಕರ ಯಾವುದೇ ಬಳಗ ಆ ಖಂಡದಲ್ಲೇ ಸೇರದೆ ಪೂರ್ಣವಾಗದು. ಇದರಲ್ಲಿ ನನಗೆ ರಾಜಿಯಿಲ್ಲ.

ಕರ್ನಾಟಕಕ್ಕೆ ಈ ಅನುಭವ ಎದುರು ದಿಕ್ಕಿನಿಂದ ಪರಿಚಿತ. ಇಲ್ಲಿ ನಾವೇ ಅಗೆಸಿಕೊಂಡ ಖಂಡ. ಧಾರವಾಡದ ರವಿ ಕೋರಿಶೆಟ್ಟರ್ ಅವರೊಡನೆ ಫುಲ್ಲರ್, ನಿಕೋಲ್ ಬೋವಾನ್ ಮೊದಲಾದವರು ಬಳ್ಳಾರಿ ಬಳಿಯ ಸಂಗನಕಲ್ಲು ಮತ್ತಿತರ ನೆಲೆಗಳಲ್ಲಿ ಕೂಡಿ ಕೆಲಸ ಮಾಡಿದ್ದರಿಂದಲೇ ಹುರುಳಿ, ಹೆಸರು, ಕೊರಲೆ ನಮ್ಮ ನವಶಿಲಾಯುಗದ ಮುಖ್ಯ ಆಹಾರವೆಂದು ಖಚಿತವಾಯಿತು. ಆದರೆ ಜೋಳ, ಸಜ್ಜೆ, ಅಲಸಂದೆ, ಅವರೆ, ರಾಗಿ ಇವೆಲ್ಲ ಆಫ್ರಿಕಾದಿಂದ ಬಂದ ಬೆಳೆಗಳು. ಇವುಗಳನ್ನು ದಿನವೂ ಉಣ್ಣುವ ನಾಡಿನಿಂದ ಇಥಿಯೋಪಿಯಾದ ಉತ್ಖನನಕ್ಕೆ ಹೋಗುವ ವಿದ್ಯಾರ್ಥಿಗಳು ಬೇಕು, ಅಲ್ಲಿಂದ ಇಲ್ಲಿಗೆ ಬರುವವರೂ ಬೇಕು. ಮೊದಲಿಗೆ ಎರಡು ದಡಗಳ ನಾಟಿ ತಳಿ, ಕಾಡುತಳಿಗಳನ್ನು ಸಮನಾಗಿ ಸುಟ್ಟು, ಅಳೆದು, ಚೀಟಿ ಅಂಟಿಸಿದ ಎರಡು ಡಬ್ಬಿಗಳು ಸಾಕು: ಒಂದು ಅಡಿಸ್ ಅಬಾಬಾದಲ್ಲಿ, ಇನ್ನೊಂದು ಧಾರವಾಡದಲ್ಲಿ.